ಯಾರ ಮನಿ ಎತ್ತು?

ಈಗಿನ ಟಿವಿಗಳ ಮೇಲೆ ಏನನ್ನೂ ಇಡಲು ಬರುವುದಿಲ್ಲ. ಇದು ಬೇರೆ ಯಾರಿಗೂ ತಕರಾರು ಅನ್ನಿಸಿದ ಹಾಗಿಲ್ಲ, ನನಗೆ ಮಾತ್ರ ಅನ್ನಿಸಿದೆ. ಮೊದಲಿನ ಟಿವಿಗೆ ಒಂದು ನೆತ್ತಿ ಅಂತ ಇತ್ತು. ಅದರ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಮಗಳು ಓಟದಲ್ಲಿ ಗೆದ್ದ ಕಪ್ಪು, ಕರೆಂಟ್ ಬಿಲ್ಲು, ಕಣ್ಣಿಗೆ ಹಾಕುವ ನನ್ನ ಚಾಳೀಸು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಈಗ ಗೋಡೆಗೆ ಹಪ್ಪಳ ಬಡಿದ ಹಾಗೆ ಒಂದು ಟಿವಿ ಬಡಿದು ಹೋಗಿದ್ದಾರೆ. ಅದರ ಮೇಲೆ ಹಲ್ಲಿ ಕೂರಬಹುದು, ಅಷ್ಟೇ.

ನನಗೆ ಇಡಬೇಕಾಗಿರುವುದು ದೊಡ್ಡದೇನೂ ಅಲ್ಲ. ಮಣ್ಣಿನ ಎತ್ತಿನ ಒಂದು ಮುರಿದ ಕಾಲು. ಕಿರುಬೆರಳಿಗಿಂತ ಸಣ್ಣದು, ಒಳಗೆ ಕಸಬರಿಗೆಯ ಕಡ್ಡಿ ಇದೆ. ಶೋಕೇಸಿನಲ್ಲಿ ಇಟ್ಟರೆ ನನ್ನ ಹೆಂಡತಿ ಶಾಂತಾ ಕಸವೆಂದು ಎತ್ತಿ ಒಗೆಯುತ್ತಾಳೆ. ದೇವರ ಜಗಲಿಯ ಮೇಲೆ ಇಡಲು ಹೋದರೆ "ಮುರದದ್ದು ಇಡಬಾರ್ದ್ರಿ ಅಲ್ಲೆ" ಎಂದು ಗದರುತ್ತಾಳೆ. ಸದ್ಯಕ್ಕೆ ಅದು ನನ್ನ ಚಾಳೀಸಿನ ಡಬ್ಬಿಯಲ್ಲಿದೆ, ಚಾಳೀಸು ಅಂಗಿಯ ಕಿಸೆಯಲ್ಲಿದೆ, ಅದರ ಮೇಲೆ ಮಲಗಿ ನಾನು ಆಗಲೇ ಚಾಳೀಸಿನ ಒಂದು ಕಡ್ಡಿ ಮುರಿದುಕೊಂಡಿದ್ದೇನೆ.

ಈ ಕಾಲಿನ ಕತೆ ಹೇಳಬೇಕಾದರೆ ಕಾರ್ಟೂನಿನ ಕತೆ ಹೇಳಬೇಕು. ಕಾರ್ಟೂನು ಅಂದರೆ ನನಗೆ ಮೈ ಉರಿಯುತ್ತದೆ. ಅದು ನೋಡದವರ ಉರಿ ಅಲ್ಲ, ಮಾಡಲು ಹೋಗಿ ಆಗದವರ ಉರಿ. ನಾನು ರೋಣದವನು, ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನೌಕರಿ ಮುಗಿಸಿದವನು. ಡ್ರಾಯಿಂಗ್ ಮಾಸ್ತರ ಅಂದರೆ ಗಣಿತದ ಪಾಠ ಉಳಿದಾಗ ತನ್ನ ಪಿರಿಯಡ್ ಬಿಟ್ಟುಕೊಡುವವನು, ವರ್ಷದ ಗ್ಯಾದರಿಂಗ್ ಬಂದಾಗ ನಾಟಕದ ಪರದೆಗೆ ಬಣ್ಣ ಬಳಿಯುವವನು. ಅದಕ್ಕೆ ನನಗೇನೂ ಬೇಸರವಿಲ್ಲ. ನನ್ನದು ಇದ್ದದ್ದು ಒಂದೇ ಆಸೆ. ನಾನು ಬರೆದ ಎತ್ತು ನಾಲ್ಕು ಹೆಜ್ಜೆ ನಡೆಯಬೇಕು, ಅದನ್ನು ನೋಡಿ ನನ್ನ ಅಕ್ಕ ಗಂಗಕ್ಕ ಇದು ನಮ್ಮ ಮನೆಯ ಎತ್ತು ಅನ್ನಬೇಕು. ಇಷ್ಟು ಸಣ್ಣ ಆಸೆ ತೀರಲು ಇಡೀ ಜನ್ಮ ಹಿಡಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು.

ನಮ್ಮ ಮನೆಯ ಎತ್ತು ಅಂದರೆ ಕೆಂಚ್ಯಾ. ನಾನು ಹುಡುಗನಾಗಿದ್ದಾಗ ನಮ್ಮಪ್ಪನ ಬಂಡಿಗೆ ಎಡಗಡೆ ಹೂಡುತ್ತಿದ್ದ ಕೆಂಪು ಎತ್ತು. ಒಮ್ಮೆ ಗಜೇಂದ್ರಗಡದ ಸಂತೆಯಿಂದ ಬರುವಾಗ ಬಂಡಿ ಒಡ್ಡಿನ ಹತ್ತಿರ ವಾಲಿ, ಕೆಂಚ್ಯಾನ ಮುಂಗಾಲು ನೊಗದ ಭಾರಕ್ಕೆ ಸಿಕ್ಕಿತು. ನಾಟಿ ವೈದ್ಯ, ದನದ ದವಾಖಾನಿ, ಎಲ್ಲ ಆಯಿತು. ಕಾಲು ಕೂಡಿತು, ಆದರೆ ನಡಿಗೆ ಕೂಡಲಿಲ್ಲ. ಮೂರು ಕಾಲು ಊರಿ, ನಾಲ್ಕನೆಯದನ್ನು ಒಂದು ಗಳಿಗೆ ಮೇಲೆ ಹಿಡಿದು, ಏನೋ ವಿಚಾರ ಮಾಡಿ, ಆಮೇಲೆ ಇಡುತ್ತಿತ್ತು. ಇಡುವಾಗ ತಲೆ ಒಂದಿಷ್ಟು ಬಾಗುತ್ತಿತ್ತು. ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಮಾಡುತ್ತಾ ಬರುತ್ತದೆ ಎಂದು ಓಣಿಯವರು ನಗುತ್ತಿದ್ದರು. ಅಪ್ಪ ಅದನ್ನು ಮಾರಲಿಲ್ಲ, ಭಾರದ ಕೆಲಸ ಬಿಡಿಸಿ ಇಟ್ಟುಕೊಂಡ. ಸಂಜೆ ಹೊಲದಿಂದ ಬರುವಾಗ ಗಂಗಕ್ಕ ಬಾಗಿಲಲ್ಲಿ ನೀರಿನ ಬಕೆಟ್ ಹಿಡಿದು ನಿಂತು "ಸಾವಕಾಶ ಬಾರೋ, ಯಾರೂ ಬೆನ್ನ ಹತ್ತಿಲ್ಲ" ಅನ್ನುತ್ತಿದ್ದಳು. ನನಗೆ ಒಂದು ದಿನವೂ ಅಷ್ಟು ಪ್ರೀತಿಯಿಂದ ಕರೆದವಳಲ್ಲ. ನನಗೆ ಇದ್ದದ್ದು "ಲಗೂ ಬಾರಲೇ" ಮಾತ್ರ.

ಆ ದಿನಗಳಲ್ಲಿ ನಮ್ಮೂರಿಗೆ ತೊಗಲುಗೊಂಬೆಯವರು ಬರುತ್ತಿದ್ದರು. ಬಿಳಿ ಧೋತರ ಕಟ್ಟಿ, ಹಿಂದೆ ದೀಪ ಇಟ್ಟು, ತೊಗಲಿನ ರಾಜ, ತೊಗಲಿನ ರಾಕ್ಷಸ, ತೊಗಲಿನ ಮರ ಎಲ್ಲವನ್ನೂ ಕುಣಿಸುತ್ತಿದ್ದರು. ನನ್ನ ಲೆಕ್ಕದಲ್ಲಿ ಸಿನಿಮಾದ ಗೊಂಬೆಗಳಿಗೆಲ್ಲ ಆ ಧೋತರವೇ ತವರುಮನೆ. ಎಲ್ಲರೂ ರಾಜನನ್ನು ನೋಡುತ್ತಿದ್ದರೆ ನಾನು ರಥದ ಮುಂದಿನ ಕುದುರೆಯ ಕಾಲು ನೋಡುತ್ತಿದ್ದೆ. ಚರ್ಮದ ಒಂದು ತುಂಡು ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಬರುತ್ತದೆ, ನೋಡುವವನಿಗೆ ಕುದುರೆ ಓಡಿತು! ಹೇಗೆ ಅಂತ ನೋಡಲು ಧೋತರದ ಹಿಂದೆ ನುಸುಳಿದೆ. ಗೊಂಬೆಯವನ ಹೆಂಡತಿ ತಾಳ ಹಾಕುವುದನ್ನು ಬಿಟ್ಟು ಆ ತಾಳದಿಂದಲೇ ನನ್ನ ತಲೆಗೆ ಒಂದು ಕೊಟ್ಟಳು. ಕಲೆಯ ಒಳಗುಟ್ಟು ಹುಡುಕಿ ಹೋದವನಿಗೆ ಸಿಕ್ಕ ಮೊದಲ ಸನ್ಮಾನ ಅದು.

ನಾಲ್ಕನೆಯ ಇಯತ್ತೆಯಲ್ಲಿ ಸಮಾಜದ ಪುಸ್ತಕದ ಅಂಚಿನಲ್ಲಿ ನಾನು ಎತ್ತು ಬರೆಯಲು ಸುರು ಮಾಡಿದೆ. ಒಂದೊಂದು ಹಾಳೆಗೆ ಒಂದೊಂದು ಎತ್ತು, ಪ್ರತಿ ಎತ್ತಿನ ಕಾಲೂ ಹಿಂದಿನದಕ್ಕಿಂತ ಒಂದು ಕೂದಲೆಳೆ ಮುಂದೆ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರೆ ಎತ್ತು ನಡೆಯುತ್ತಿತ್ತು! ಪ್ರಪಂಚದಲ್ಲಿ ಇದನ್ನು ಕಂಡುಹಿಡಿದವನು ನಾನೇ ಅಂತ ಬಹಳ ವರ್ಷ ನಂಬಿದ್ದೆ. ಓಡಿ ಹೋಗಿ ಗಂಗಕ್ಕನಿಗೆ ಕೊಟ್ಟೆ. ಅವಳು ಸಾಲೆಗೆ ಹೋದವಳಲ್ಲ, ಪುಸ್ತಕವನ್ನು ಹಿಂದಿನಿಂದ ಬಿಟ್ಟಳು.

"ಹಿಂದಕ್ಕ ಹೊಂಟೈತಲ್ಲೋ ಇದು!"

ಪುಸ್ತಕ ತಿರುಗಿಸಿ ಕೊಟ್ಟೆ. ಮತ್ತೆ ಬಿಟ್ಟಳು. ಎರಡು ಸಲ, ಮೂರು ಸಲ ಬಿಟ್ಟಳು.

"ಚಂದ ಐತಿ," ಅಂದಳು. "ಯಾರ ಮನಿ ಎತ್ತು?"

"ನಮ್ಮ ಕೆಂಚ್ಯಾ ಅಲ್ಲೇನ ಅಕ್ಕಾ!"

"ಹೋಗೋ. ಕೆಂಚ್ಯಾ ಹಿಂಗ ನಡೀತೈತೇನು? ಇದು ಯಾರೋ ಸಾಹುಕಾರ್ರ ಮನೀದು."

ನಾನು ಕುಂಟು ಬಿಟ್ಟು ಬರೆದಿದ್ದೆ. ಚಿತ್ರ ಅಂದಮೇಲೆ ಚಂದ ಇರಬೇಕಲ್ಲ, ಕುಂಟನ್ನು ಯಾರಾದರೂ ಬರೆಯುತ್ತಾರೆಯೇ ಅಂತ ನನ್ನ ತಿಳಿವಳಿಕೆ. ಮರುದಿನ ಆ ಪುಸ್ತಕ ಮಾಸ್ತರ ಕೈಗೆ ಸಿಕ್ಕು ನಾನು ಬೆಂಚಿನ ಮೇಲೆ ನಿಂತೆ. ನಿಂತಲ್ಲಿಂದ ನೋಡಿದರೆ ಮಾಸ್ತರು ಕುರ್ಚಿಯಲ್ಲಿ ಕೂತು ಪುಸ್ತಕವನ್ನು ಸರಸರ ಬಿಡುತ್ತಿದ್ದರು. ತಾಸು ಮುಗಿಯುವವರೆಗೂ ಬಿಟ್ಟರು, ಆದರೂ ನನ್ನನ್ನು ಕೆಳಗೆ ಇಳಿಸಲಿಲ್ಲ. ಇದಕ್ಕೆ ಏನನ್ನಬೇಕು ಹೇಳಿ.

ಅಲ್ಲಿಂದ ಮುಂದೆ ಗಂಗಕ್ಕನ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಅವಳು ಯಾವಗಲ್ ಊರಿಗೆ ಲಗ್ನವಾಗಿ ಹೋದಳು, ಕೆಂಚ್ಯಾ ಹೋಯಿತು, ಅಪ್ಪ ಹೋದ, ಮಾತು ಮಾತ್ರ ಉಳಿಯಿತು. ಪ್ರತಿ ಸಲ ಹಬ್ಬಕ್ಕೆ ಬಂದಾಗ ನಾನು ಏನಾದರೊಂದು ತೋರಿಸುವುದು, ಅವಳು ಅಡಿಕೆ ಅಗಿಯುತ್ತಾ ನೋಡುವುದು, "ಚಂದ ಐತಿ. ಯಾರ ಮನಿ ಎತ್ತು?" ಅನ್ನುವುದು. ಜಲವರ್ಣದ ಎತ್ತು, ಗೋಡೆಯ ಮೇಲಿನ ಎತ್ತು, ಎಲ್ಲಕ್ಕೂ ಅದೇ ಸರ್ಟಿಫಿಕೇಟು. ಪ್ರತಿ ವರ್ಷ ಸಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಸೂಡಿಗೆ ಕರೆದುಕೊಂಡು ಹೋಗಿ ಗುಡಿಯ ಕಲ್ಲಿನ ಬಸವಣ್ಣನನ್ನು ಬರೆಸುತ್ತಿದ್ದೆ. ಆ ಬಸವಣ್ಣ ಒಳ್ಳೆಯವನು, ಕೂತವನು ಕೂತೇ ಇದ್ದಾನೆ. ಬರೆಯುವವನಿಗೆ ಅಂಥವರು ಬೇಕು. ನಡೆಯುವ ಎತ್ತಿನ ಹುಚ್ಚು ಹಚ್ಚಿಕೊಂಡದ್ದು ನನ್ನ ಕರ್ಮ.

ಗಜೇಂದ್ರಗಡದಲ್ಲಿ ಆಗ ತಂಬು ಹೊಡೆದು ಸಿನಿಮಾ ತೋರಿಸುತ್ತಿದ್ದರು. ಪಿಕ್ಚರಿಗೆ ಮೊದಲು ಒಮ್ಮೊಮ್ಮೆ ಒಂದು ತುಂಡು ಗೊಂಬೆ ಪಿಕ್ಚರ್ ಬಿಡುವರು. ಕೋಟು ತೊಟ್ಟ ಕರಡಿ, ಟೊಪ್ಪಿಗೆ ಹಾಕಿದ ಕೋಳಿ. ಕರಡಿಯ ಮೇಲೆ ಬಂಡೆ ಬಿದ್ದು ಅದು ಚಪಾತಿಯಾಗುತ್ತದೆ, ಮರುಗಳಿಗೆ ಎದ್ದು ಮೈ ಕೊಡವಿ ಹೊರಡುತ್ತದೆ. ಮಾತು ಯಾವ ದೇಶದ್ದೋ ಏನೋ. ಜನ ಸೀಟಿ ಹೊಡೆದು "ಏ, ಖರೇ ಪಿಕ್ಚರ್ ಹಚ್ಚಲೇ!" ಎಂದು ಒದರುತ್ತಿದ್ದರು. ಇಡೀ ತಂಬಿನಲ್ಲಿ ಖರೇ ಪಿಕ್ಚರ್ ಬೇಡವಾಗಿದ್ದವನು ನಾನೊಬ್ಬನೇ. ಆಮೇಲೆ ಲೈಬ್ರರಿಯ ಒಂದು ಮಾಸಿಕದಲ್ಲಿ ಓದಿದೆ, ಪರದೆಯ ಮೇಲೆ ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಓಡುತ್ತವಂತೆ, ಹಿಂದಿನ ಕಾಲದಲ್ಲಿ ಅವನ್ನೆಲ್ಲ ಕೈಯಿಂದ ಬರೆಯುತ್ತಿದ್ದರಂತೆ, ದೊಡ್ಡ ದೊಡ್ಡ ಕೋಣೆಗಳಲ್ಲಿ ಸಾಲಾಗಿ ಕೂತು ಒಬ್ಬರು ಗೆರೆ, ಒಬ್ಬರು ಬಣ್ಣ. ನನಗೆ ನಿದ್ದೆ ಹಾರಿಹೋಯಿತು. ಗಂಗಕ್ಕ ಬಂದಾಗ ಹೇಳಿದೆ.

"ಅಷ್ಟ ಚಿತ್ರ ತಗದು ಒಂದ ಸೆಕೆಂಡೇನು?" ಅಂದಳು. "ನೀ ಬರದು ಮುಗಸೂದ್ರಾಗ ಖರೇ ಎತ್ತು ಕೆರಿಗೆ ಹೋಗಿ ನೀರ ಕುಡದು, ಮನಿಗೆ ಬಂದು, ಮಲಗಿ ಏಳ್ತೈತಿ."

ಟಿವಿ ಬಂದಮೇಲಾದರೂ ಸಮಾಧಾನವಾಗಿ ನೋಡೋಣ ಅಂದುಕೊಂಡೆ. ಓಣಿಗೆಲ್ಲ ನಮ್ಮದೇ ಮೊದಲ ಟಿವಿ, ಕಪ್ಪು ಬಿಳುಪಿನದು. ರವಿವಾರ ಕಾರ್ಟೂನು ಹತ್ತುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಅಕ್ಕಿ ಚೆಲ್ಲಿದ ಹಾಗಾಗುತ್ತಿತ್ತು. ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು ನನ್ನ ಕೆಲಸ. ನಾನು ಮೇಲಿನಿಂದ "ಬಂತೇನು?" ಅನ್ನಬೇಕು, ಕೆಳಗೆ ನನ್ನ ಮಗಳು ವಿದ್ಯಾ "ಬಂತು, ಹೋತು, ಮತ್ತ ಬಂತು" ಅನ್ನಬೇಕು. ಕಡೆಗೆ ಚಿತ್ರ ನಿಂತಿತು ಅನ್ನುವಾಗ "ಅಪ್ಪಾ, ಅಲ್ಲೇ ನಿಂದ್ರು, ಕೈ ಬಿಡಬ್ಯಾಡ!" ಎಂದು ಇಡೀ ಓಣಿಯ ಹುಡುಗರು ಕೂಗುತ್ತಿದ್ದರು. ನಾನು ಕೊಳವೆ ಹಿಡಿದು ಬಿಸಿಲಿನಲ್ಲಿ ನಿಲ್ಲುತ್ತಿದ್ದೆ. ಕೆಳಗಿನಿಂದ ನಗು ಕೇಳುತ್ತಿತ್ತು. ಇಳಿದು ಬರುವಷ್ಟರಲ್ಲಿ ಬೆಳೆ ರೋಗದ ಕಾರ್ಯಕ್ರಮ ಸುರುವಾಗಿರುತ್ತಿತ್ತು. ಕಾರ್ಟೂನು ಅನ್ನುವುದನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಆಮೇಲೆ ಬಣ್ಣ ಬಂತು, ಸಿಡಿ ಬಂತು, ಕಂಪ್ಯೂಟರಿನಲ್ಲಿ ಮಾಡಿದ ಗೊಂಬೆ ಪಿಕ್ಚರುಗಳು ಬಂದವು. ಗೆರೆ ಹೋಯಿತು, ಗೊಂಬೆಗಳಿಗೆ ಮೈ ಬಂತು, ಬೆಳಕು ಬಿತ್ತು, ನಾಯಿಯ ಮೈಮೇಲಿನ ಒಂದೊಂದು ಕೂದಲೂ ಗಾಳಿಗೆ ಅಲ್ಲಾಡತೊಡಗಿತು. ನಾನು ಬಾಯಿ ತೆರೆದು ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಅದೇ ಸರಕು ಅಗ್ಗವಾಗಿ ಫೋನಿಗೆ ಇಳಿಯಿತು ನೋಡಿ, ಅಲ್ಲಿಂದ ನನ್ನ ತಲೆನೋವು. ಗುಲಾಬಿ ಬಣ್ಣದ ಎತ್ತು, ತಾಟಿನಷ್ಟು ಕಣ್ಣು, ಎರಡು ಕಾಲಿನ ಮೇಲೆ ನಿಂತು ಕುಣಿಯುತ್ತದೆ. ಎತ್ತಿಗೆ ಲಿಪ್‌ಸ್ಟಿಕ್ ಬೇರೆ. ಅದು ಕೂಸುಗಳಿಗೆ "ಬನ್ನಿ ಪುಟಾಣಿಗಳೇ, ಬೇಗ ಬೇಗ ಹಲ್ಲುಜ್ಜೋಣ" ಎಂದು ಬುದ್ಧಿ ಹೇಳುತ್ತದೆ. ನಮ್ಮ ಕಡೆ ಹಲ್ಲು ತಿಕ್ಕುತ್ತಾರೆಯೇ ಹೊರತು ಉಜ್ಜುವುದಿಲ್ಲ, ಅದು ಹೋಗಲಿ. ಎತ್ತಿಗೆ ಯಾಕೆ ಈ ಉಸಾಬರಿ?

ಸಿಟ್ಟು ನೆತ್ತಿಗೇರಿದ್ದು ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ. ಆ ದಿನ ನಮ್ಮ ಕಡೆ ಎರೆ ಮಣ್ಣಿನಲ್ಲಿ ಜೋಡೆತ್ತು ಮಾಡಿ, ಜೋಳದ ಕಾಳಿನ ಕಣ್ಣು ಹಚ್ಚಿ, ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತೇವೆ. ಹಬ್ಬಕ್ಕೆಂದು ಯಾವಗಲ್ಲಿನಿಂದ ಗಂಗಕ್ಕ ಬಂದಿದ್ದಳು. ನರಗುಂದದಿಂದ ವಿದ್ಯಾಳ ಮಗಳು, ನನ್ನ ಮೊಮ್ಮಗಳು ಸಿರಿ ಬಂದಿದ್ದಳು. ಅವಳಪ್ಪನದು ಅಲ್ಲಿ ಕಾಳಿನ ಅಡತಿ ಅಂಗಡಿ, ಕೈತುಂಬ ಕೆಲಸ, ಹೀಗಾಗಿ ಮಗಳ ಜೊತೆ ಫೋನನ್ನೂ ಕಳಿಸಿಕೊಟ್ಟಿದ್ದರು. ಸಿರಿಗೆ ಹತ್ತು ವರ್ಷ. ನನ್ನ ಎತ್ತಿನ ಆಸೆಯನ್ನು ಕೇಳಿ ಅವಳು ಒಂದು ಕ್ಷಣ ಕನಿಕರದಿಂದ ನನ್ನ ಮುಖ ನೋಡಿದಳು.

"ಅಷ್ಟೇನ ಅಜ್ಜಾ? ಈಗ ಬರಿಯೂದ ಬ್ಯಾಡ. ಹೆಂಗ ಬೇಕಂತ ಬಾಯಿಲೆ ಹೇಳಿದ್ರ ಸಾಕು, ಎಐ ಮಾಡಿ ಕೊಡ್ತೈತಿ."

ಹೇಳಿದೆ. ಎರೆ ಹೊಲದಲ್ಲಿ ಒಂದು ಕೆಂಪು ಎತ್ತು ನಡೆಯಬೇಕು. ಇಷ್ಟೇ. ಚಹಾ ಆರುವುದರೊಳಗೆ ಪಿಕ್ಚರ್ ತಯಾರಾಯಿತು. ಹಸಿರು ಹುಲ್ಲುಗಾವಲು, ಹಿಂದೆ ಹಿಮದ ಗುಡ್ಡ, ಡುಬ್ಬವೇ ಇಲ್ಲದ ನುಣ್ಣನೆಯ ಒಂದು ಪ್ರಾಣಿ. ಕೊರಳಲ್ಲಿ ರಿಬ್ಬನ್ನು. ಹೊಟ್ಟೆಯ ಕೆಳಗೆ ಕೆಚ್ಚಲು. ನಡೆಯುವಾಗ ನಡುವೆ ಒಮ್ಮೆ ಐದನೆಯ ಕಾಲು ಬಂದು ಹೋಯಿತು.

"ಎತ್ತಿಗೆ ಕೆಚ್ಚಲಾ?" ಅಂದೆ.

"ಅಡ್ಜಸ್ಟ್ ಮಾಡ್ಕೋ ಅಜ್ಜಾ," ಅಂದಳು ಸಿರಿ.

ಗಂಗಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳಿಗೂ ತೋರಿಸಿದಳು ಸಿರಿ. ಗಂಗಕ್ಕ ನೋಡಿದಳು, ಬಾಯಿಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಚಂದ ಐತಿ. ಯಾವ ದೇಶದ್ದವಾ ಇದು?"

ನನಗೆ ಒಳಗೊಳಗೇ ಸಂತೋಷವಾಯಿತು. ನನ್ನ ಎತ್ತುಗಳಿಗೆ ಕನಿಷ್ಠ ಯಾರ ಮನೆ ಅಂತಲಾದರೂ ಕೇಳುತ್ತಿದ್ದಳು.

ನಾನು ಮುಖ ಗಂಟಿಕ್ಕಿಕೊಂಡು ಕೂತದ್ದು ನೋಡಿ ಸಿರಿ ಇನ್ನೊಂದು ಉಪಾಯ ತೆಗೆದಳು. ಅವಳ ಸಾಲೆಯಲ್ಲಿ ಕಲಿಸಿದ್ದಾರಂತೆ. ಫೋನನ್ನು ಅಲ್ಲಾಡದ ಹಾಗೆ ನಿಲ್ಲಿಸಿ, ಎದುರಿಗೆ ಒಂದು ಗೊಂಬೆ ಇಟ್ಟು ಫೋಟೋ ತೆಗೆಯುವುದು. ಗೊಂಬೆಯನ್ನು ಒಂದಿಷ್ಟೇ ಸರಿಸಿ ಮತ್ತೆ ಫೋಟೋ. ಹೀಗೆ ಸರಿಸುತ್ತಾ ತೆಗೆಯುತ್ತಾ ಹೋದರೆ ಫೋನು ಎಲ್ಲವನ್ನೂ ಕೂಡಿಸಿ ಓಡಿಸುತ್ತದೆ. ಇದು ನನ್ನ ಸಮಾಜದ ಪುಸ್ತಕ ಅಲ್ಲವೇ! ಐವತ್ತು ವರ್ಷ ಜಗತ್ತೆಲ್ಲ ಸುತ್ತಿ, ಬಣ್ಣ ಹಚ್ಚಿಕೊಂಡು, ಕಂಪ್ಯೂಟರಿನಲ್ಲಿ ಮಿಂದು, ತಿರುಗಿ ನನ್ನ ಅಂಗಳಕ್ಕೇ ಬಂದಿದೆ. ಮಣ್ಣು ಹೇಗೂ ಹಬ್ಬಕ್ಕೆಂದು ಕಲಸಿಟ್ಟಿದ್ದರು.

ಪೂಜೆಯ ಜೋಡೆತ್ತು ಮಾಡಿ ಜಗಲಿಗೆ ಕೊಟ್ಟು, ಉಳಿದ ಮಣ್ಣಿನಲ್ಲಿ ಇನ್ನೊಂದು ಎತ್ತು ಮಾಡಿದೆ. ಕಾಲಿನೊಳಗೆ ಕಸಬರಿಗೆ ಕಡ್ಡಿ ಸೇರಿಸಿದೆ, ಬಗ್ಗಿಸಲು ಬರಬೇಕಲ್ಲ. ಅಂಗಳದಲ್ಲಿ ಮಣೆ ಹಾಕಿ ಅದರ ಮೇಲೆ ಎರೆ ಮಣ್ಣು ಹರವಿದೆ. ಫೋನನ್ನು ಎರಡು ಇಟ್ಟಂಗಿಯ ನಡುವೆ ಸಿಕ್ಕಿಸಿದೆವು. ಕೆಲಸ ಸುರುವಾಯಿತು.

ಅದರಂಥ ಪೀಡೆ ಇನ್ನೊಂದಿಲ್ಲ. ಕಾಲು ಬಗ್ಗಿಸಿದರೆ ಮಣ್ಣು ಬಿರಿಯುತ್ತದೆ, ನೀರು ಹಚ್ಚಿ ಸವರಬೇಕು. ಸವರಿ ಸವರಿ ಎತ್ತು ಸೊರಗತೊಡಗಿತು. ಹೊಟ್ಟೆಗೆ ಮಣ್ಣು ಹಚ್ಚಿದೆ, ಗಬ್ಬವಾದ ಹಾಗಾಯಿತು. ನೆರಳು ನಮಗಿಂತ ಲಗೂ ಹೊರಟಿತ್ತು, ಎತ್ತಿಗಿಂತ ಮೊದಲು ಅದೇ ಮಣೆ ದಾಟುವ ಹಾಗೆ ಕಂಡಿತು. ಕಾಗೆ ಬಂದು ಜೋಳದ ಕಣ್ಣು ಒಯ್ದಿತು, ಇನ್ನೊಂದು ಕಣ್ಣು ಹಚ್ಚಿದೆ. ಸಿರಿ "ಅಜ್ಜಾ, ನಿನ್ನ ಬೆರಳ ಬಂತು," "ಅಜ್ಜಾ, ನಿನ್ನ ತಲಿ ಬಂತು" ಅನ್ನುತ್ತಾ ಫೋಟೋ ಅಳಿಸುತ್ತಿದ್ದಳು. ನನ್ನ ತಲೆಯನ್ನು ಅಷ್ಟು ಸಲ ಅಳಿಸಿದವರು ಯಾರೂ ಇಲ್ಲ.

ಒಳಗಿನಿಂದ ಶಾಂತಾ ಒಂದೊಂದೇ ಕೇಳುತ್ತಿದ್ದಳು. "ಪೂಜಿ ಮಾಡಿ ಬಿಡ್ಲೇನ್ರಿ?" ಹೂಂ. "ಕಟ್ಟಿನ ಸಾರು ಇಳಸ್ಲೇನ್ರಿ?" ಹೂಂ. "ನೀವು ಉಣ್ಣಂಗಿಲ್ಲೇನ್ರಿ?" ಹೂಂ. ಮಧ್ಯಾಹ್ನ ಹೋಗಿ ಸಂಜೆ ಆಯಿತು. ಎತ್ತು ಮಣೆಯ ನಟ್ಟನಡುವೆ ಬಂದಿತ್ತು. ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯತೊಡಗಿತು. ಫೋನು ಅಲ್ಲಾಡಿಸುವ ಹಾಗಿಲ್ಲ, ವೈರನ್ನೇ ಅಲ್ಲಿಗೆ ತರಬೇಕು. ಸಿರಿಯ ಚೀಲದಲ್ಲಿ ಚಾರ್ಜರ್ ಹುಡುಕಲು ಒಳಗೆ ಹೋದೆ, ನೀರು ಕುಡಿಯಲು ಸಿರಿಯೂ ಎದ್ದಳು. ಚೀಲದಲ್ಲಿ ಚಾರ್ಜರ್ ಒಂದು ಬಿಟ್ಟು ಎಲ್ಲ ಇತ್ತು. ಆಗಲೂ ಶಾಂತಾ ಏನೋ ಕೇಳಿದಳು, ನಾನು ಹೂಂ ಅಂದೆ.

ಇಲ್ಲಿ ನಮ್ಮ ಪದ್ಧತಿ ಒಂದನ್ನು ಹೇಳಲೇಬೇಕು. ಪೂಜೆ ಮುಗಿದ ಮೇಲೆ ಓಣಿಯ ಹುಡುಗರು ಒಂದು ಮಣ್ಣೆತ್ತಿನ ಕಾಲು ಮುರಿದು, ಆ ಕುಂಟೆತ್ತನ್ನು ತಾಟಿನಲ್ಲಿಟ್ಟುಕೊಂಡು ಹಾಡುತ್ತಾ ಮನೆಮನೆಗೆ ಜೋಳ ಬೇಡುತ್ತಾರೆ. ಕೆಲವು ಊರುಗಳಲ್ಲಿ ಮರುದಿನ, ನಮ್ಮ ಓಣಿಯಲ್ಲಿ ಅದೇ ಸಂಜೆ. ಎತ್ತು ಒಂದೊಂದು ವರ್ಷ ಒಂದೊಂದು ಮನೆಯದು. ಈ ವರ್ಷದ ಪಾಳಿ ನಮ್ಮದು. ಇದು ನನಗೆ ಗೊತ್ತಿರದ ಸಂಗತಿಯಲ್ಲ, ಹುಡುಗನಾಗಿದ್ದಾಗ ನಾನೇ ಎಷ್ಟೋ ಎತ್ತುಗಳ ಕಾಲು ಮುರಿದಿದ್ದೇನೆ.

ಕಡೆಗೆ ಚಾರ್ಜರ್ ಸಿರಿಯ ದಿಂಬಿನ ಕೆಳಗೆ ಸಿಕ್ಕಿತು, ವೈರು ಹಿಡಿದು ಹೊರಗೆ ಬಂದೆ. ಅಂಗಳದ ತುಂಬ ಹುಡುಗರು. ಪಕ್ಕದ ಮನೆಯ ಹುಡುಗಿ ರೇಣುಕಾ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಎತ್ತಿನ ಮುಂಗಾಲನ್ನು ಮೊಣಕಾಲಿನ ಕೆಳಗೆ ಲಟಕ್ಕನೆ ಮುರಿದಳು. ಬಹಳ ಭಕ್ತಿಯಿಂದ ಮುರಿದಳು.

ನಾನು ಒದರಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿರಬೇಕು. ಹುಡುಗರು ಗೋಡೆಗೆ ಅಂಟಿಕೊಂಡರು. ಶಾಂತಾ ಸೌಟು ಹಿಡಿದೇ ಓಡಿ ಬಂದಳು.

"ಯಾರ ಹೇಳಿದ್ರು ಮುರಿ ಅಂತ?"

"ನೀವ ಹೂಂ ಅಂದ್ರಿ! ಕುಂಟೆತ್ತಿಗೆ ಅಂಗಳದಾಗಿಂದು ಕೊಡ್ಲೇನ್ರಿ ಅಂತ ಕೇಳಿದ್ನಿ. ಹೂಂ ಅಂದ್ರಿಲ್ಲೊ?"

"ನಾ ಎಲ್ಲಾದಕ್ಕೂ ಹೂಂ ಅಂತನಿ!"

"ಹೌದ್ರಿ, ಅದ ನಿಮ್ಮ ರೋಗ."

ಗಂಗಕ್ಕ ಕಟ್ಟೆಯಿಂದಲೇ ತೀರ್ಪು ಕೊಟ್ಟಳು. "ಹಬ್ಬದ ದಿನಾ ಹುಡುಗೂರ್ನ ಬೈಬ್ಯಾಡೋ ತಮ್ಮಾ. ಮಣ್ಣಿಂದಲ್ಲೇನು, ಮುರೀತು."

ಮಣ್ಣಿನದಂತೆ! ಬೆಳಗಿನಿಂದ ಅನ್ನ ನೀರು ಬಿಟ್ಟು ಕೂತದ್ದು ಅವಳಿಗಾಗಿಯೇ ಅಲ್ಲವೇ? ಆ ಎತ್ತು ಮಣೆ ದಾಟಿದ್ದರೆ, ಅವಳು ಒಮ್ಮೆ ನಮ್ಮದು ಅಂದಿದ್ದರೆ, ನಾನು ಈ ಹಾಳು ಹುಚ್ಚನ್ನು ಅಲ್ಲಿಗೇ ಮಣ್ಣು ಮಾಡುತ್ತಿದ್ದೆ. ಮುರಿದ ಕಾಲನ್ನು ಎತ್ತಿಕೊಂಡು ಹಚ್ಚಲು ನೋಡಿದೆ. ಒಣಗಿದ ಮಣ್ಣು, ಹತ್ತಲಿಲ್ಲ. ಬೇರೆ ಎತ್ತು ಮಾಡಲು ಬೆಳಕಿಲ್ಲ. ನನಗೆ ನಿಜಕ್ಕೂ ಅಳು ಬಂದಿತ್ತು, ಈ ವಯಸ್ಸಿನಲ್ಲಿ ಅದನ್ನು ಕೆಮ್ಮಿ ಮುಚ್ಚಿಕೊಂಡೆ. ಕಾಲನ್ನು ಕಿಸೆಗೆ ಹಾಕಿ, ಎಲ್ಲ ಎತ್ತಿಬಿಡು ಅಂದೆ ಸಿರಿಗೆ.

ಸಿರಿ ಎತ್ತಲಿಲ್ಲ. "ಇನ್ನ ಅರ್ಧಾ ಮಣಿ ಉಳದೈತಿ. ಕುಂಟಿಕೋತ ಹೋಗ್ಲಿ ಬಿಡ ಅಜ್ಜಾ."

ಹುಡುಗರು ಬೇರೆ ತಮ್ಮ ಎತ್ತಿಗಾಗಿ ಕಾಯುತ್ತಿದ್ದರು. ಲಗೂ ಮುಗಿಸಿ ಕೊಟ್ಟುಬಿಡೋಣ ಅನ್ನುವ ಬೇಜಾರಿನಲ್ಲಿ ಕೂತೆ. ಈಗ ಚಂದ ಮಾಡುವ ಆಸೆ ಇರಲಿಲ್ಲ. ಮೂರು ಕಾಲು ಊರಬೇಕು, ನಾಲ್ಕನೆಯ ಮೊಂಡುಗಾಲನ್ನು ಎತ್ತಿ ಹಿಡಿಯಬೇಕು, ಅದನ್ನು ಊರುವಾಗ ಮೈ ಮುಂದಕ್ಕೆ ವಾಲುತ್ತದೆ, ಆಗ ತಲೆ ಬಾಗಿಸದಿದ್ದರೆ ಎತ್ತು ಮುಗ್ಗರಿಸುತ್ತದೆ. ನಾನು ಹಾಗೇ ಬಾಗಿಸುತ್ತಾ ಹೋದೆ. ಬೆಳಗಿನ ಹಾಗೆ ವಿಚಾರ ಮಾಡಬೇಕಾಗಲಿಲ್ಲ, ಬೆರಳು ತಾವೇ ಹೋಗುತ್ತಿದ್ದವು. ಹುಡುಗರು ಸುತ್ತ ಬಗ್ಗಿ ನಿಂತು ಅವರ ನೆರಳೆಲ್ಲ ಫೋಟೋದಲ್ಲಿ ಬಂತು. ಅಳಿಸಲು ಹೋಗಲಿಲ್ಲ. ಎತ್ತು ಮಣೆಯ ಅಂಚು ಮುಟ್ಟಿದ ಕೂಡಲೇ ರೇಣುಕಾ ಅದನ್ನು ತಾಟಿನಲ್ಲಿಟ್ಟುಕೊಂಡಳು, ದಂಡು ಹಾಡುತ್ತಾ ಹೊರಟುಹೋಯಿತು.

ಸಿರಿ ಕಟ್ಟೆಯ ಮೇಲೆ ಗಂಗಕ್ಕನ ಪಕ್ಕ ಕೂತು ಫೋನು ಹಿಡಿದಳು. ನಾನು ಹಿಂದೆ ನಿಂತೆ. ಮೊದಲರ್ಧದ ಎತ್ತು ಗಾಲಿಯ ಮೇಲೆ ಹೊರಟ ಹಾಗೆ ಜಾರುತ್ತಾ ಬಂತು. ಸೊರಗಿತು, ದಪ್ಪಾಯಿತು, ಕಣ್ಣು ಹೋಯಿತು, ಕಣ್ಣು ಬಂತು. ಗಂಗಕ್ಕ ಅಡಿಕೆಯನ್ನು ದವಡೆ ಬದಲಿಸಿದಳು.

"ಚಂದ ಐತಿ," ಅಂದಳು. "ಯಾರ ಮನಿ..."

ಅಷ್ಟರಲ್ಲಿ ಎತ್ತು ಮಣೆಯ ನಡುವೆ ಬಂದಿತ್ತು. ಮೂರು ಕಾಲು ಊರಿತು. ನಾಲ್ಕನೆಯದನ್ನು ಒಂದು ಗಳಿಗೆ ಮೇಲೆ ಹಿಡಿಯಿತು. ತಲೆ ಬಾಗಿಸಿ ಇಟ್ಟಿತು.

ಗಂಗಕ್ಕನ ಬಾಯಿ ನಿಂತುಹೋಯಿತು. ಚಿತ್ರ ಮುಗಿಯಿತು, ಮುಗಿಯಲು ಎಷ್ಟು ಹೊತ್ತು, ಒಂದು ಆಕಳಿಕೆಯಷ್ಟು. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ತಾನೇ ತೆಗೆದುಕೊಂಡಳು.

"ಮತ್ತೊಮ್ಮಿ ಹಚ್ಚವಾ."

ಸಿರಿ ಹಚ್ಚಿದಳು. ಮತ್ತೊಮ್ಮೆ ಅಂದಳು, ಮತ್ತೆ ಹಚ್ಚಿದಳು. ಜನ್ಮದಲ್ಲಿ ಒಂದು ಗೊಂಬೆ ಪಿಕ್ಚರನ್ನು ಪೂರ್ತಿ ನೋಡದವಳು ಮೂಗು ತಾಗುವ ಹಾಗೆ ಫೋನನ್ನು ಹಿಡಿದಿದ್ದಳು. ಎತ್ತು ಕಾಲು ಎತ್ತಿದಾಗಲೆಲ್ಲ ಅವಳ ಭುಜವೂ ಒಂದಿಷ್ಟು ಮೇಲೇಳುತ್ತಿತ್ತು.

"ಸಾವಕಾಶ ಬಾರೋ," ಅಂದಳು ಫೋನಿಗೆ, ಬಹಳ ಮೆಲ್ಲಗೆ. "ಯಾರೂ ಬೆನ್ನ ಹತ್ತಿಲ್ಲ."

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಬಂದದ್ದು ಮತ್ತೆ ಆ ಸುಟ್ಟ ಕೆಮ್ಮು. ಶಾಂತಾ ಬಂದು ಹೋಳಿಗಿ ಆರಿ ಹ್ವಾದುವು ಅಂದಳು, ನಮ್ಮ ಮುಖ ನೋಡಿ ತಾನೂ ಬಗ್ಗಿ ನೋಡತೊಡಗಿದಳು. ಫೋನಿಗೆ ಇಷ್ಟು ವರ್ಷ ಶಾಪ ಹಾಕಿದ ಮನೆಯಲ್ಲಿ ಎಲ್ಲರೂ ಅದರ ಮೇಲೆ ಬಗ್ಗಿ ನಿಂತಿದ್ದೆವು. ಹೊರಗೆ ಹುಡುಗರ ಹಾಡು ಓಣಿ ಸುತ್ತಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಅವರು ಕೂಗಿದರು, ಅಂಗಳದ ಬಾಗಿಲ ಚಿಲಕ ಬಡಿದರು, ರೇಣುಕಾ ನನ್ನ ಹೆಸರಿಗೆ ಮಾಸ್ತರ ಸೇರಿಸಿ ಒದರಿದಳು. ನಾನು ಏಳಲಿಲ್ಲ, ಶಾಂತಾ ಏಳಲಿಲ್ಲ, ಸಿರಿಯೂ ಏಳಲಿಲ್ಲ.

ಗಂಗಕ್ಕ ಫೋನಿನಿಂದ ಕಣ್ಣು ತೆಗೆಯದೆ ಬೈದಳು.

"ಯಾರರೇ ಎದ್ದು ಒಂದ ಬೊಗಸಿ ಜ್ವಾಳ ನೀಡ್ರೋ. ನಮ್ಮ ಎತ್ತು ಆವಾಗಿಂದ ಬಾಗಲದಾಗ ನಿಂತೈತಿ."